ಮುಂಬೈ–ಪುಣೆ ಮೇಲ್ ಕ್ಲಸ್ಟರ್: ಡೇಟಾಬೇಸ್ ಪ್ರತಿಗಳಿಂದ ಫೇಲ್‌ಓವರ್‌ವರೆಗೆ ಸಮಗ್ರ ಮಾರ್ಗದರ್ಶಿ

ಮುಂಬೈಯ ಫೋರ್ಟ್, ಅಂಧೇರಿ, ನವಿ ಮುಂಬೈಯ ಐರೋಲಿಗಳ ಕಚೇರಿಗಳಲ್ಲೂ ಪುಣೆಯ ಹಿಂಜೆವಾಡಿಯಲ್ಲೂ ಸರ್ವರ್ ಕೋಣೆಯ ಹೊಣೆ ಹೊತ್ತ ಕನ್ನಡಿಗರು ಬಹಳ ಮಂದಿ ಇದ್ದಾರೆ. ಸಂಸ್ಥೆಯ ಮೇಲ್ ವ್ಯವಸ್ಥೆಯನ್ನು ಎರಡು ನಗರಗಳಲ್ಲಿ ಹರಡಿ, ಒಂದು ನಗರ ಕೈಕೊಟ್ಟಾಗಲೂ ಮೇಲ್ ನಿಲ್ಲದಂತೆ ನೋಡಿಕೊಳ್ಳುವ ಕೆಲಸ ಅವರಲ್ಲಿ ಹಲವರ ಪಾಲಿಗೆ ಬರುತ್ತದೆ. ಅಂಥವರಿಗಾಗಿ, ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳ ಡೇಟಾಬೇಸ್ ಅವೈಲೆಬಿಲಿಟಿ ಗ್ರೂಪನ್ನು, ಅಂದರೆ ನಾವೆಲ್ಲ ಡ್ಯಾಗ್ ಎಂದು ಕರೆಯುವ ವ್ಯವಸ್ಥೆಯನ್ನು, ಲೆಕ್ಕ ಹಾಕುವುದರಿಂದ ಹಿಡಿದು ಡಿಆರ್ (ಅವಘಡದ ನಂತರದ ಚೇತರಿಕೆ) ಡ್ರಿಲ್ ಮುಗಿಸಿ ಮರಳುವವರೆಗೆ ಇಲ್ಲಿ ವಿವರಿಸಿದ್ದೇನೆ.

ಮುಂಬೈಯೊಳಗೇ ಎರಡು ಸರ್ವರ್ ಇಟ್ಟುಕೊಂಡರೆ ಸಾಲದೇ ಎಂಬ ಪ್ರಶ್ನೆ ಬಜೆಟ್ ಸಭೆಯಲ್ಲಿ ಬಂದೇ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರಿಗೆ ಊರೇ ನಿಂತಿತು. 2020ರ ಅಕ್ಟೋಬರ್ 12ರಂದು ವಿದ್ಯುತ್ ಜಾಲ ಕುಸಿದು ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಒಟ್ಟಿಗೇ ಕರೆಂಟು ಹೋಯಿತು. ಒಂದೇ ಮಹಾನಗರದಲ್ಲಿರುವ ಎರಡು ಸರ್ವರ್‌ಗಳು ಡಿಸ್ಕ್ ಕೆಟ್ಟಾಗ ಒಂದಕ್ಕೊಂದು ಆಸರೆಯಾಗುತ್ತವೆ, ಆದರೆ ಇಂಥ ದಿನಗಳಲ್ಲಿ ಎರಡೂ ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ. ಸಹ್ಯಾದ್ರಿಯ ಆಚೆ, ಸುಮಾರು 150 ಕಿಲೋಮೀಟರ್ ದೂರದ ಪುಣೆ ಡಿಆರ್ ಸೈಟ್‌ಗೆ ಸಹಜ ಆಯ್ಕೆಯಾಗುವುದು ಈ ಕಾರಣಕ್ಕೆ.

ಪ್ರತಿಗಳನ್ನು ಮಾಡಿಡುವುದು ಈ ಕೆಲಸದ ಸುಲಭದ ಭಾಗ. ನಡುವಿನ ಲಿಂಕ್ ಕಡಿದಾಗ ಯಾವ ನಗರದ ಪ್ರತಿಗೆ ತೆರೆದುಕೊಳ್ಳುವ ಅಧಿಕಾರವಿದೆ ಎಂಬುದನ್ನು ಮುಂಚಿತವಾಗಿ ತೀರ್ಮಾನಿಸಿ, ಆ ತೀರ್ಮಾನವನ್ನು ವ್ಯವಸ್ಥೆಯೊಳಗೆ ಸರಿಯಾಗಿ ಬರೆದಿಡುವುದೇ ಕಷ್ಟದ ಭಾಗ. ಆದ್ದರಿಂದ ಈ ಬರಹದ ದೊಡ್ಡ ಪಾಲು ಅದಕ್ಕೇ ಮೀಸಲು.

ಉದಾಹರಣೆಗೆ ಒಂದು ಮಧ್ಯಮ ಗಾತ್ರದ ಸಂಸ್ಥೆಯನ್ನು ಇಟ್ಟುಕೊಳ್ಳೋಣ: 3000 ಮೇಲ್‌ಬಾಕ್ಸ್‌ಗಳು, ತಲಾ 600 ಜಿಬಿಯ 5 ಡೇಟಾಬೇಸ್‌ಗಳು, ಐರೋಲಿಯಲ್ಲಿ 2 ಸರ್ವರ್, ಹಿಂಜೆವಾಡಿಯಲ್ಲಿ 2 ಸರ್ವರ್, ಪಣಜಿಯಲ್ಲೊಂದು ಶಾಖಾ ಕಚೇರಿ. ಎಕ್ಸ್‌ಚೇಂಜ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸದಾಗಿ ಕಟ್ಟುವವರು ಸಬ್‌ಸ್ಕ್ರಿಪ್ಶನ್ ಎಡಿಷನ್ನನ್ನೇ ಬಳಸಬೇಕು. ಇಲ್ಲಿನ ಹೆಜ್ಜೆಗಳು ಅದರಲ್ಲೂ ಹಾಗೆಯೇ ನಡೆಯುತ್ತವೆ. ಒಂದು ಸರ್ವರ್‌ನಲ್ಲಿ 5ಕ್ಕಿಂತ ಹೆಚ್ಚು ಡೇಟಾಬೇಸ್‌ಗಳನ್ನು ಮೌಂಟ್ ಮಾಡಬೇಕಿದ್ದರೆ (ಬಳಕೆಗೆ ತೆರೆಯಬೇಕಿದ್ದರೆ) ಸ್ಟ್ಯಾಂಡರ್ಡ್ ಪರವಾನಗಿ ಸಾಲುವುದಿಲ್ಲ, ಎಂಟರ್‌ಪ್ರೈಸ್ ಬೇಕು. ನಿಷ್ಕ್ರಿಯ ಪ್ರತಿಗಳೂ, ಅಂದರೆ ಆಪತ್ತಿಗೆಂದು ಸಿದ್ಧವಾಗಿಟ್ಟ ನಕಲುಗಳೂ, ಆ ಲೆಕ್ಕದಲ್ಲೇ ಸೇರುತ್ತವೆ.

ಒಳಗೆ ನಡೆಯುವುದೇನು

ಪ್ರತಿಯೊಂದು ಡೇಟಾಬೇಸ್‌ಗೆ ಒಂದು ಹೊತ್ತಿನಲ್ಲಿ ಒಂದೇ ಸಕ್ರಿಯ ಪ್ರತಿ ಇರುತ್ತದೆ, ಬಳಕೆದಾರರು ಬರೆಯುವುದೂ ಓದುವುದೂ ಅದರಲ್ಲಿಯೇ. ಅಲ್ಲಿ ಆಗುವ ಪ್ರತಿ ಬದಲಾವಣೆಯೂ ಮೊದಲು ಲಾಗ್ ಕಡತಕ್ಕೆ ಹೋಗುತ್ತದೆ, ಒಂದೊಂದು ಲಾಗ್‌ನ ಗಾತ್ರ 1 ಎಂಬಿ. ಉಳಿದ ಸರ್ವರ್‌ಗಳಲ್ಲಿರುವ ನಿಷ್ಕ್ರಿಯ ಪ್ರತಿಗಳು ಈ ಲಾಗ್‌ಗಳನ್ನು ತರಿಸಿಕೊಂಡು, ಪರಿಶೀಲಿಸಿ, ತಮ್ಮ ಡೇಟಾಬೇಸ್‌ಗೆ ರಿಪ್ಲೇ ಮಾಡಿಕೊಳ್ಳುತ್ತವೆ, ಅಂದರೆ ಅದೇ ಬದಲಾವಣೆಗಳನ್ನು ಅಲ್ಲೂ ಸೇರಿಸಿಕೊಳ್ಳುತ್ತವೆ. ಈ ಸಾಗಣೆ ಸಾಮಾನ್ಯವಾಗಿ ಟಿಸಿಪಿ 64327 ಪೋರ್ಟ್ ಮೂಲಕ ನಡೆಯುತ್ತದೆ, ಮಧ್ಯದ ಫೈರ್‌ವಾಲ್‌ನಲ್ಲಿ ಅದು ತೆರೆದಿರಬೇಕು.

ಇಲ್ಲಿ ಎರಡು ಸಂಖ್ಯೆಗಳನ್ನು ನೆನಪಿಡಬೇಕು. ಇನ್ನೂ ಬಂದು ತಲುಪದ ಲಾಗ್‌ಗಳ ಎಣಿಕೆ ಕಾಪಿ ಕ್ಯೂ, ತಲುಪಿದರೂ ಇನ್ನೂ ಡೇಟಾಬೇಸ್‌ಗೆ ಸೇರದವುಗಳ ಎಣಿಕೆ ರಿಪ್ಲೇ ಕ್ಯೂ. ರಿಪ್ಲೇ ಕ್ಯೂ ಬೆಳೆದರೆ ಫೇಲ್‌ಓವರ್ (ಬಿದ್ದ ಪ್ರತಿಯ ಕೆಲಸವನ್ನು ಇನ್ನೊಂದು ಪ್ರತಿ ವಹಿಸಿಕೊಳ್ಳುವುದು) ತಡವಾಗುತ್ತದೆ ಅಷ್ಟೆ, ಆದರೆ ಕಾಪಿ ಕ್ಯೂ ಬೆಳೆದರೆ ಮೇಲ್ ಕಳೆದುಹೋಗುವ ಸಂಭವವಿದೆ. ಸಕ್ರಿಯ ಪ್ರತಿ ಬಿದ್ದಾಗ, ಗುಂಪಿನ ಮುಖ್ಯ ನಿರ್ಣಾಯಕ ಪಾತ್ರದಲ್ಲಿರುವ ಪ್ರೈಮರಿ ಆ್ಯಕ್ಟಿವ್ ಮ್ಯಾನೇಜರ್ ಉಳಿದ ಪ್ರತಿಗಳನ್ನು ತೂಗಿ ನೋಡಿ, ಕೊನೆಯ ಲಾಗ್‌ಗಳನ್ನು ಎಳೆದುಕೊಳ್ಳಲು ಒಮ್ಮೆ ಯತ್ನಿಸಿ, ನಂತರ ಆಯ್ದ ಪ್ರತಿಯನ್ನು ಮೌಂಟ್ ಮಾಡುತ್ತದೆ. ಎಷ್ಟು ಲಾಗ್ ಕಳೆದುಹೋದರೂ ತಾನಾಗಿಯೇ ಮೌಂಟ್ ಆಗಬಹುದು ಎಂಬುದನ್ನು ಆಟೊ ಡೇಟಾಬೇಸ್ ಮೌಂಟ್ ಡಯಲ್ ಎಂಬ ಸೆಟ್ಟಿಂಗ್ ನಿರ್ಧರಿಸುತ್ತದೆ: ಲಾಸ್‌ಲೆಸ್ ಎಂದರೆ ಒಂದೂ ಇಲ್ಲ, ಗುಡ್ ಅವೈಲೆಬಿಲಿಟಿ ಎಂದರೆ 6, ಬೆಸ್ಟ್ ಅವೈಲೆಬಿಲಿಟಿ ಎಂದರೆ 12. ಮೊದಲೇ ಇರುವ ಗುಡ್ ಅವೈಲೆಬಿಲಿಟಿಯನ್ನು ಬದಲಿಸುವ ಅಗತ್ಯ ನನಗೆ ಕಂಡಿಲ್ಲ. ಏಕೆಂದರೆ ಆಗಷ್ಟೇ ತಲುಪಿಸಿದ ಮೇಲ್‌ಗಳನ್ನು ಸೇಫ್ಟಿ ನೆಟ್ ಎಂಬ ಸಾಲು 2 ದಿನ ಇಟ್ಟುಕೊಂಡಿರುತ್ತದೆ, ಫೇಲ್‌ಓವರ್ ನಂತರ ಅವುಗಳನ್ನು ಮತ್ತೆ ತಲುಪಿಸುತ್ತದೆ. ಆದರೆ ಬಳಕೆದಾರರು ಆ ಗಳಿಗೆಯಲ್ಲಿ ಉಳಿಸಿದ ಕರಡು ಪತ್ರ, ಕ್ಯಾಲೆಂಡರ್ ತಿದ್ದುಪಡಿಗಳಂಥವಕ್ಕೆ ಆ ರಕ್ಷಣೆ ಇಲ್ಲ ಎಂಬುದನ್ನು ಆಡಳಿತ ಮಂಡಳಿಗೆ ಮೊದಲೇ ತಿಳಿಸಿರಬೇಕು.

ಮೊದಲ ಹೆಜ್ಜೆ: ಲಾಗ್, ಲಿಂಕ್, ಡಿಸ್ಕ್‌ಗಳ ಲೆಕ್ಕ

ದಿನಕ್ಕೆ ಸುಮಾರು 100 ಮೇಲ್ ಕಳಿಸಿ ಸ್ವೀಕರಿಸುವ ಮೇಲ್‌ಬಾಕ್ಸ್, ಸರಾಸರಿ ಮೇಲ್ 75 ಕೆಬಿ ಇದ್ದರೆ, ದಿನಕ್ಕೆ 20 ಲಾಗ್ ಹುಟ್ಟಿಸುತ್ತದೆ ಎಂಬುದು ಮೈಕ್ರೋಸಾಫ್ಟ್ ಕೊಡುವ ಅಂದಾಜು. ಅದರಂತೆ 3000 ಮೇಲ್‌ಬಾಕ್ಸ್‌ಗಳಿಗೆ ದಿನಕ್ಕೆ 60,000 ಲಾಗ್, ಅಂದರೆ ಸುಮಾರು 60 ಜಿಬಿ. ಬೆಳಗಿನ ಅತಿ ಬಿಡುವಿಲ್ಲದ ಒಂದು ಗಂಟೆಯಲ್ಲಿ ಅದರ ಎಂಟನೇ ಒಂದು ಪಾಲು ಹುಟ್ಟುತ್ತದೆಂದು ಹಿಡಿದರೆ 7500 ಲಾಗ್, ಅಂದರೆ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ (17 ಎಂಬಿಪಿಎಸ್). ಪುಣೆಯಲ್ಲಿ ಎರಡು ಪ್ರತಿಗಳಿದ್ದರೆ ಇದು ಎರಡರಷ್ಟಾಗುತ್ತದೆ. ಬೇರೆ ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಬೇರೆ ವಿಭಾಗಕ್ಕೆ) ಹೋಗುವ ಲಾಗ್‌ಗಳನ್ನು ಡ್ಯಾಗ್ ತಾನಾಗಿಯೇ ಕುಗ್ಗಿಸಿ ಕಳಿಸುತ್ತದೆಯಾದರೂ ಆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕ್ಷೇಮ. ನಿಮ್ಮ ಸಂಸ್ಥೆಯ ನಿಜವಾದ ಸಂಖ್ಯೆ ಬೇಕಿದ್ದರೆ ಒಂದು ವಾರ ಗಂಟೆಗೊಮ್ಮೆ ಲಾಗ್ ಕಡತಗಳ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು. ಸಂಬಳದ ಚೀಟಿ ಎಲ್ಲರಿಗೂ ಹೋಗುವ ದಿನ ಆ ವಾರದೊಳಗೆ ಬರುವಂತೆ ನೋಡಿಕೊಳ್ಳಿ.

ಮೊದಲ ಸಲ ಇಡೀ ಡೇಟಾಬೇಸನ್ನು ಪುಣೆಗೆ ಸಾಗಿಸುವುದಕ್ಕೆ ಸೀಡಿಂಗ್ ಎನ್ನುತ್ತಾರೆ. 200 ಎಂಬಿಪಿಎಸ್ ಲಿಂಕ್‌ನಲ್ಲಿ 120 ಎಂಬಿಪಿಎಸ್ ಈ ಕೆಲಸಕ್ಕೆ ಸಿಕ್ಕಿದರೂ 600 ಜಿಬಿಯ ಒಂದು ಡೇಟಾಬೇಸ್‌ಗೆ ಸುಮಾರು 11 ಗಂಟೆ ಬೇಕು. ಆದ್ದರಿಂದ ರಾತ್ರಿಗೊಂದರಂತೆ ಐದು ರಾತ್ರಿ ಮಾಡುವುದು ಒಳ್ಳೆಯದು.

ಲಾಗ್ ಡಿಸ್ಕ್‌ನ ಲೆಕ್ಕದಲ್ಲಿ ಜಿಪುಣತನ ಸಲ್ಲದು. ಬ್ಯಾಕಪ್ ಮುಗಿದ ಮೇಲೆ ಹಳೆಯ ಲಾಗ್‌ಗಳು ಅಳಿಯಬೇಕಾದರೆ ಉಳಿದ ಪ್ರತಿಗಳೂ ಅವುಗಳನ್ನು ಪಡೆದಿರಬೇಕು ಎಂಬುದು ನಿಯಮ. ಪುಣೆಯ ಲಿಂಕ್ ಮೂರು ದಿನ ಬಿದ್ದರೆ ಮುಂಬೈಯ ಡಿಸ್ಕ್‌ನಲ್ಲಿ 180 ಜಿಬಿ ಲಾಗ್ ಅಳಿಯದೇ ಕೂಡಿಕೊಳ್ಳುತ್ತದೆ. ಡಿಸ್ಕ್ ತುಂಬಿತೋ, ಯಾವ ತೊಂದರೆಯೂ ಇಲ್ಲದ ಮುಂಬೈಯ ಸಕ್ರಿಯ ಡೇಟಾಬೇಸೇ ಡಿಸ್‌ಮೌಂಟ್ ಆಗುತ್ತದೆ. ರಕ್ಷಣೆಗೆಂದು ಇಟ್ಟ ಪುಣೆಯ ಪ್ರತಿಯೇ ಹೀಗೆ ಮುಂಬೈಯ ಮೇಲನ್ನು ನಿಲ್ಲಿಸಬಲ್ಲದು. ಕನಿಷ್ಠ ಒಂದು ವಾರದ ಲಾಗ್‌ಗೆ ಜಾಗವಿಡಿ, 70 ಪ್ರತಿಶತಕ್ಕೇ ಎಚ್ಚರಿಕೆ ಬರುವಂತೆ ಮಾಡಿ.

ಎರಡನೆಯ ಹೆಜ್ಜೆ: ಕೇಬಲ್ ಸಾಗುವ ದಾರಿ

ಡ್ಯಾಗ್ ಸದಸ್ಯರ ನಡುವೆ ಹೋಗಿ ಬರುವ ವಿಳಂಬ 500 ಮಿಲಿಸೆಕೆಂಡ್ ಮೀರಬಾರದು. ಮುಂಬೈ–ಪುಣೆ ನಡುವೆ ಅದು ಕೆಲವೇ ಮಿಲಿಸೆಕೆಂಡ್‌ಗಳಷ್ಟಿರುವುದರಿಂದ ಆ ಚಿಂತೆ ಇಲ್ಲ.

ಚಿಂತಿಸಬೇಕಾದದ್ದು ಭೋರ್ ಘಾಟಿನ ಬಗ್ಗೆ. ಇಬ್ಬರು ಬೇರೆ ಬೇರೆ ಸೇವಾದಾರರಿಂದ ಎರಡು ಲಿಂಕ್ ಪಡೆದರೂ ಎರಡೂ ಕೇಬಲ್‌ಗಳು ಖಂಡಾಲದ ಬಳಿ ಒಂದೇ ಡಕ್ಟ್‌ನಲ್ಲಿ ಹಾದಿರುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಅಲ್ಲೊಮ್ಮೆ ಗುಡ್ಡ ಜರಿದರೆ, ರಸ್ತೆ ಅಗೆಯುವ ಜೆಸಿಬಿ ತಗುಲಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಬ್ಬರಿಂದಲೂ ಕೇಬಲ್ ಮಾರ್ಗದ ನಕ್ಷೆಯನ್ನು ಲಿಖಿತವಾಗಿ ಪಡೆದು ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ನಾಸಿಕ್ ಕಡೆಯಿಂದ ಸುತ್ತಿ ಬಂದರೂ ಚಿಂತೆಯಿಲ್ಲ, ನಮಗಿಲ್ಲಿ ವೇಗಕ್ಕಿಂತ ಬೇರೆ ದಾರಿ ಮುಖ್ಯ.

ಮೂರನೆಯ ಹೆಜ್ಜೆ: ಮತ ಯಾರದು, ವಿಟ್ನೆಸ್ ಎಲ್ಲಿ

ಡ್ಯಾಗ್‌ನ ಅಡಿಯಲ್ಲಿ ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್ ಇರುತ್ತದೆ, ಅದು ನಡೆಯುವುದು ಬಹುಮತದ ಮೇಲೆ. ಊರಿನ ಸಂಘದ ಮಹಾಸಭೆಯಲ್ಲಿ ಕೋರಂ ಇಲ್ಲದಿದ್ದರೆ ಯಾವ ಠರಾವೂ ಪಾಸಾಗದಂತೆ, ಅರ್ಧಕ್ಕಿಂತ ಹೆಚ್ಚು ಮತಗಳು ಒಂದೆಡೆ ಸೇರದಿದ್ದರೆ ಆ ಕಡೆಯ ಸರ್ವರ್‌ಗಳು ತಮ್ಮ ಡೇಟಾಬೇಸ್‌ಗಳನ್ನು ಡಿಸ್‌ಮೌಂಟ್ ಮಾಡಿ ಕೂರುತ್ತವೆ. ಸರ್ವರ್‌ಗಳ ಸಂಖ್ಯೆ ಸಮವಾಗಿದ್ದಾಗ ಒಂದು ಹೆಚ್ಚುವರಿ ಮತಕ್ಕಾಗಿ ವಿಟ್ನೆಸ್ ಸರ್ವರ್ ಬೇಕಾಗುತ್ತದೆ. ಅದರಲ್ಲಿ ಮೇಲ್‌ನ ಯಾವ ಪ್ರತಿಯೂ ಇರುವುದಿಲ್ಲ, ಒಂದು ಹಂಚಿಕೆಯ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಕಡತವಿರುತ್ತದೆ, ಅದಕ್ಕೆ ಬೀಗ ಹಾಕಿದ ಕಡೆಗೆ ಆ ಮತ ಸೇರುತ್ತದೆ.

ನಮ್ಮ ಉದಾಹರಣೆಯಲ್ಲಿ ಒಟ್ಟು ಮತ 5, ಬಹುಮತಕ್ಕೆ 3. ವಿಟ್ನೆಸ್ ಮುಂಬೈಯಲ್ಲಿದ್ದು ನಡುವಿನ ಲಿಂಕ್ ಕಡಿದರೆ ಮುಂಬೈಗೆ 3, ಪುಣೆಗೆ 2: ಮುಂಬೈ ಎಂದಿನಂತೆ ನಡೆಯುತ್ತದೆ. ಇದು ಸರಿಯಾದ ಫಲ. ಆದರೆ ಮುಂಬೈ ಸೈಟೇ ಹೋದರೆ ಪುಣೆಯಲ್ಲಿ ಉಳಿಯುವುದು 2 ಮತ ಮಾತ್ರ. ಅಲ್ಲಿ ಸುಸ್ಥಿತಿಯಲ್ಲಿರುವ ಪ್ರತಿಗಳಿದ್ದರೂ ಯಾವುದೂ ತಾನಾಗಿ ತೆರೆದುಕೊಳ್ಳುವುದಿಲ್ಲ, ಮನುಷ್ಯರೇ ಆದೇಶ ಕೊಡಬೇಕು. ಪುಣೆಯಲ್ಲಿ ಎರಡು ಸರ್ವರ್ ಇಟ್ಟ ಮಾತ್ರಕ್ಕೆ ಎಲ್ಲವೂ ತಾನಾಗಿ ನಡೆಯುತ್ತದೆಂದು ನಂಬಿರುವ ಆಡಳಿತಗಳಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ.

ವಿಟ್ನೆಸ್ಸನ್ನು ಮೂರನೆಯ ಊರಿನಲ್ಲಿ ಇಟ್ಟರೆ ಚಿತ್ರ ಬದಲಾಗುತ್ತದೆ. ಮುಂಬೈ ಹೋದರೆ ಪುಣೆಯ 2 ಮತಕ್ಕೆ ಪಣಜಿಯ 1 ಸೇರಿ 3 ಆಗುತ್ತದೆ, ಪುಣೆ ತಾನಾಗಿಯೇ ಕೆಲಸ ಕೈಗೆತ್ತಿಕೊಳ್ಳುತ್ತದೆ. ಕೇಳಲು ಸೊಗಸಾಗಿದೆ. ಆದರೆ ಇದು ನಿಜವಾಗಬೇಕಾದರೆ ಪಣಜಿಯಿಂದ ಮುಂಬೈಗೂ ಪುಣೆಗೂ ಒಂದನ್ನೊಂದು ಅವಲಂಬಿಸದ ಎರಡು ದಾರಿಗಳಿರಬೇಕು. ಶಾಖೆಗಳ ನೆಟ್‌ವರ್ಕ್ ಸಾಮಾನ್ಯವಾಗಿ ಪ್ರಧಾನ ಕಚೇರಿಯನ್ನೇ ಕೇಂದ್ರವಾಗಿಟ್ಟು ಕಟ್ಟಿರುತ್ತದೆ, ಪಣಜಿಯಿಂದ ಪುಣೆಗೆ ಹೋಗುವ ಪ್ಯಾಕೆಟ್ ಮುಂಬೈಯ ರೌಟರ್ ಹಾದೇ ಹೋಗುತ್ತದೆ. ಹಾಗಿದ್ದಾಗ ಮುಂಬೈ ಬಿದ್ದ ಕ್ಷಣವೇ ಪುಣೆಗೆ ಪಣಜಿಯೂ ಕಾಣದಾಗುತ್ತದೆ, ಮೂರನೆಯ ಊರು ಹೆಸರಿಗೆ ಮಾತ್ರ ಮೂರನೆಯದಾಗುತ್ತದೆ. ಪರೀಕ್ಷಿಸುವ ವಿಧಾನ ಸರಳ: ಪುಣೆಯ ಸರ್ವರ್‌ನಿಂದ ಪಣಜಿಯ ವಿಳಾಸಕ್ಕೆ, ಪ್ಯಾಕೆಟ್ ಹಾದುಹೋಗುವ ವಿಳಾಸಗಳನ್ನು ತೋರಿಸುವ ಟ್ರೇಸ್‌ರೂಟ್ ಓಡಿಸಿ. ನಡುವೆ ಮುಂಬೈಯ ಯಾವ ವಿಳಾಸ ಕಾಣಿಸಿದರೂ ಪಣಜಿಯನ್ನು ಆ ಸ್ಥಿತಿಯಲ್ಲಿ ವಿಟ್ನೆಸ್ ಮಾಡಬೇಡಿ. ಬೆಳಗಾವಿ ಕಡೆಯಿಂದ ಘಾಟಿ ಇಳಿದು ಬರುವ ಪ್ರತ್ಯೇಕ ಲಿಂಕ್ ಪುಣೆಗೆ ಸಿಕ್ಕಿದ ಮೇಲೆ ಮತ್ತೆ ಯೋಚಿಸಬಹುದು.

ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಝೂರ್‌ನಲ್ಲಿ ಒಂದು ವರ್ಚುವಲ್ ಯಂತ್ರವನ್ನು ವಿಟ್ನೆಸ್ ಆಗಿ ಇಡುವುದೂ ಸಾಧ್ಯ. ಆದರೆ ಸೆಂಟ್ರಲ್ ಇಂಡಿಯಾ ಎಂಬ ಹೆಸರಿನ ಅಝೂರ್ ವಲಯ ಇರುವುದು ಪುಣೆಯಲ್ಲಿ, ವೆಸ್ಟ್ ಇಂಡಿಯಾ ಇರುವುದು ಮುಂಬೈಯಲ್ಲಿ. ಹೆಸರು ನೋಡಿ ಆರಿಸಿಕೊಂಡರೆ ವಿಟ್ನೆಸ್ ನಿಮ್ಮದೇ ಎರಡು ಊರುಗಳಲ್ಲೊಂದಕ್ಕೆ ಬಂದು ಕೂರುತ್ತದೆ. ಚೆನ್ನೈಯಲ್ಲಿರುವ ಸೌತ್ ಇಂಡಿಯಾವನ್ನು ಆರಿಸಿ, ಎರಡೂ ಸೈಟ್‌ಗಳಿಂದ ಅದಕ್ಕೆ ಪ್ರತ್ಯೇಕ ವಿಪಿಎನ್ ಕೊಡಿ. ವಿಂಡೋಸ್‌ನ ಕ್ಲೌಡ್ ವಿಟ್ನೆಸ್ ಸೌಲಭ್ಯವನ್ನಾಗಲಿ ಡಿಎಫ್ಎಸ್ (ಹಲವು ಸರ್ವರ್‌ಗಳಲ್ಲಿ ಹರಡಿದ ಹಂಚಿಕೆಯ ಫೋಲ್ಡರ್) ಹಾದಿಯನ್ನಾಗಲಿ ಎಕ್ಸ್‌ಚೇಂಜ್ ಡ್ಯಾಗ್‌ಗೆ ಬಳಸುವಂತಿಲ್ಲ.

ನನ್ನ ಸಲಹೆ ಇಷ್ಟು: ದಾರಿಗಳು ನಿಜವಾಗಿ ಬೇರೆ ಬೇರೆ ಇವೆಯೆಂದು ಖಚಿತವಾಗುವವರೆಗೆ ವಿಟ್ನೆಸ್ ಮುಂಬೈಯಲ್ಲೇ ಇರಲಿ, ಪುಣೆಗೆ ಹೋಗುವ ತೀರ್ಮಾನವನ್ನು ಮನುಷ್ಯರೇ ಮಾಡಲಿ. ಆ ಆದೇಶ ಕೊಡುವ ಅಧಿಕಾರ ಯಾರಿಗೆ, ಅವರು ಫೋನಿಗೆ ಸಿಗದಿದ್ದರೆ ಅನಂತರ ಯಾರಿಗೆ, ಎಷ್ಟು ಹೊತ್ತು ಕಾದು ನೋಡಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಪಡೆದಿಡಿ. ಆ ಪುಟದ ಮುದ್ರಿತ ಪ್ರತಿ ಪುಣೆಯಲ್ಲಿರಬೇಕು, ಮೇಲ್‌ನಲ್ಲಿ ಮಾತ್ರ ಇದ್ದರೆ ಅಗತ್ಯದ ದಿನ ಅದು ತೆರೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಡ್ಯಾಗ್ ಕಟ್ಟಿ ಪ್ರತಿಗಳನ್ನು ಸೇರಿಸುವುದು

ನಾಲ್ಕೂ ಸರ್ವರ್‌ಗಳಲ್ಲಿ ವಿಂಡೋಸ್ ಒಂದೇ ಆವೃತ್ತಿಯದಾಗಿರಬೇಕು, ಡೇಟಾಬೇಸ್ ಮತ್ತು ಲಾಗ್ ಫೋಲ್ಡರ್‌ಗಳ ಹಾದಿ ಅಕ್ಷರಶಃ ಒಂದೇ ಇರಬೇಕು. ಪುಣೆಯಲ್ಲಿ, ಬಳಕೆದಾರರ ಮತ್ತು ಸರ್ವರ್‌ಗಳ ವಿವರಗಳ ಕೋಶವಾದ ಆ್ಯಕ್ಟಿವ್ ಡೈರೆಕ್ಟರಿಯನ್ನು ಇಟ್ಟುಕೊಂಡ, ಗ್ಲೋಬಲ್ ಕ್ಯಾಟಲಾಗ್ (ಅದರ ಒಟ್ಟು ಸೂಚಿ) ಇರುವ ಡೊಮೈನ್ ಕಂಟ್ರೋಲರ್ ಇಲ್ಲದಿದ್ದರೆ ಅಲ್ಲಿನ ಎಕ್ಸ್‌ಚೇಂಜ್ ಮುಂಬೈ ಬಿದ್ದ ದಿನ ಎದ್ದು ನಿಲ್ಲುವುದೇ ಇಲ್ಲ. ಆ್ಯಕ್ಟಿವ್ ಡೈರೆಕ್ಟರಿಯ ಸೈಟ್‌ಗಳ ನಡುವಿನ ವಿನಿಮಯ ಮೊದಲಿಗೆ 180 ನಿಮಿಷಕ್ಕೊಮ್ಮೆ ಇರುತ್ತದೆ, ಅದನ್ನು 15 ನಿಮಿಷಕ್ಕೆ ಇಳಿಸಿ. ಎಲ್ಲ ಸರ್ವರ್‌ಗಳ ಗಡಿಯಾರಗಳೂ ಸರಿಹೊಂದಿರಲಿ, 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆರ್ಬರೋಸ್ ದೃಢೀಕರಣವೇ ನಿಂತುಹೋಗುತ್ತದೆ.

ವಿಟ್ನೆಸ್ ಆಗಲಿರುವ ಯಂತ್ರ ಎಕ್ಸ್‌ಚೇಂಜ್ ಸರ್ವರ್ ಅಲ್ಲದಿದ್ದರೆ ಅದರ ಸ್ಥಳೀಯ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಎಕ್ಸ್‌ಚೇಂಜ್ ಟ್ರಸ್ಟೆಡ್ ಸಬ್‌ಸಿಸ್ಟಂ ಗುಂಪನ್ನು ಸೇರಿಸಿ, ಫೈಲ್ ಶೇರಿಂಗ್‌ಗೆ ಫೈರ್‌ವಾಲ್ ತೆರೆಯಿರಿ. ನಂತರ ಎಕ್ಸ್‌ಚೇಂಜ್ ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ ನ್ಯೂ-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶದಿಂದ ಗುಂಪನ್ನು ಸೃಷ್ಟಿಸಿ, ಆ್ಯಡ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್‌ಸರ್ವರ್ ಆದೇಶದಿಂದ ನಾಲ್ಕು ಸರ್ವರ್‌ಗಳನ್ನು ಒಂದೊಂದಾಗಿ ಸೇರಿಸಿ. ಕ್ಲಸ್ಟರ್ ಅನ್ನು ವಿಂಡೋಸ್‌ನ ಕ್ಲಸ್ಟರ್ ಮ್ಯಾನೇಜರ್‌ನಿಂದ ಕೈಯಾರೆ ಕಟ್ಟಬೇಡಿ, ತಿದ್ದಲೂಬೇಡಿ. ಎಕ್ಸ್‌ಚೇಂಜ್ ತಾನೇ ಅದನ್ನು ನಿರ್ವಹಿಸುತ್ತದೆ. ಕ್ಲಸ್ಟರ್‌ಗೆ ಪ್ರತ್ಯೇಕ ಐಪಿ ವಿಳಾಸವಿಲ್ಲದ ಡ್ಯಾಗ್ ಇಂದಿನ ರೂಢಿ, ಆದರೆ ನಿಮ್ಮ ಬ್ಯಾಕಪ್ ಸಾಫ್ಟ್‌ವೇರ್ ಕ್ಲಸ್ಟರ್ ಹೆಸರನ್ನು ಕೇಳುವಂಥದ್ದೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಪ್ರತಿಗಳನ್ನು ಸೇರಿಸುವಾಗ ಆ್ಯಡ್-ಮೇಲ್‌ಬಾಕ್ಸ್‌ಡೇಟಾಬೇಸ್‌ಕಾಪಿ ಆದೇಶಕ್ಕೆ ಆದ್ಯತಾ ಸಂಖ್ಯೆ ಕೊಡಬೇಕು: ಮುಂಬೈಯ ಎರಡು ಸರ್ವರ್‌ಗಳಿಗೆ 1, 2, ಪುಣೆಯವಕ್ಕೆ 3, 4. ಪುಣೆಯ ಎರಡನೆಯ ಪ್ರತಿಯನ್ನು ಸೇರಿಸುವಾಗ ಸೀಡಿಂಗ್ ಮುಂದೂಡುವ ಆಯ್ಕೆಯನ್ನು ಕೊಟ್ಟು, ಆಮೇಲೆ ಅಪ್‌ಡೇಟ್-ಮೇಲ್‌ಬಾಕ್ಸ್‌ಡೇಟಾಬೇಸ್‌ಕಾಪಿ ಆದೇಶದಲ್ಲಿ ಪುಣೆಯ ಮೊದಲ ಸರ್ವರನ್ನೇ ಮೂಲವೆಂದು ಸೂಚಿಸಿ. ಹಾಗೆ ಮಾಡಿದರೆ 3000 ಜಿಬಿ ಎರಡನೆಯ ಸಲ ಘಾಟಿ ಹತ್ತಿ ಬರಬೇಕಾಗುವುದಿಲ್ಲ, ಒಂದೇ ಕೋಣೆಯೊಳಗೆ ನಕಲಾಗುತ್ತದೆ.

ನಾಲ್ಕನೆಯ ಪ್ರತಿಯನ್ನು 7 ದಿನ ಹಿಂದೆ ನಿಲ್ಲಿಸುವುದು ಒಳ್ಳೆಯ ಪದ್ಧತಿ. ಅಳಿಸಿಹೋದ ಅಥವಾ ಒಳಗೊಳಗೇ ಕೆಟ್ಟ ದತ್ತಾಂಶ ಉಳಿದ ಮೂರು ಪ್ರತಿಗಳಿಗೂ ಕೆಲವೇ ಸೆಕೆಂಡುಗಳಲ್ಲಿ ಹರಡುತ್ತದೆ, ಹಿಂದುಳಿದ ಪ್ರತಿಯೊಂದರಲ್ಲಿ ಮಾತ್ರ ಕೆಡುವ ಮೊದಲಿನ ಸ್ಥಿತಿ ಸಿಗುತ್ತದೆ. ರಿಪ್ಲೇ ವಿಳಂಬದ ಗರಿಷ್ಠ ಮಿತಿ 14 ದಿನ. 7 ದಿನಕ್ಕೆ ಆ ಸರ್ವರ್‌ನಲ್ಲಿ ಸುಮಾರು 420 ಜಿಬಿ ಲಾಗ್ ನಿಲ್ಲುತ್ತದೆಂಬುದು ಲೆಕ್ಕದಲ್ಲಿರಲಿ. ಈ ಪ್ರತಿ ಫೇಲ್‌ಓವರ್‌ನಲ್ಲಿ ತಾನಾಗಿ ತೆರೆದುಕೊಳ್ಳದಂತೆ ಸಸ್ಪೆಂಡ್-ಮೇಲ್‌ಬಾಕ್ಸ್‌ಡೇಟಾಬೇಸ್‌ಕಾಪಿ ಆದೇಶವನ್ನು ಆ್ಯಕ್ಟಿವೇಶನ್‌ಓನ್ಲಿ ಆಯ್ಕೆಯೊಂದಿಗೆ ಕೊಟ್ಟು ತಡೆದಿಡಿ. ಇದರಿಂದ ಮುಂಬೈ ಹೋದ ದಿನ ಪುಣೆಯಲ್ಲಿ ಕೂಡಲೇ ಬಳಸಬಲ್ಲ ಪ್ರತಿ ಒಂದೇ ಉಳಿಯುತ್ತದೆ, ಅದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಐದನೆಯ ಹೆಜ್ಜೆ: ಎರಡೂ ಕಡೆ ತೆರೆದುಕೊಳ್ಳದಂತೆ ತಡೆ

2020ರ ಅಕ್ಟೋಬರ್‌ನಂಥ ದಿನವನ್ನು ಊಹಿಸಿಕೊಳ್ಳಿ. ಮುಂಬೈಯ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಪುಣೆಯಲ್ಲಿ ಆದೇಶ ಕೊಟ್ಟು ಮೇಲ್ ಆರಂಭಿಸಿದ್ದೀರಿ. ಕೆಲವು ಗಂಟೆಗಳ ಬಳಿಕ ಮುಂಬೈಯ ಸರ್ವರ್‌ಗಳೂ ವಿಟ್ನೆಸ್ಸೂ ಎದ್ದವು, ಆದರೆ ಲಿಂಕ್‌ನ ಉಪಕರಣ ಇನ್ನೂ ಎದ್ದಿಲ್ಲ. ಮುಂಬೈಯ ಕಣ್ಣಿಗೆ ತನ್ನ ಬಳಿ 5ರಲ್ಲಿ 3 ಮತಗಳಿವೆ. ಅದು ತನ್ನ ಹಳೆಯ ಪ್ರತಿಗಳನ್ನು ತೆರೆದರೆ ಒಂದೇ ಮೇಲ್‌ಬಾಕ್ಸ್ ಎರಡು ಊರುಗಳಲ್ಲಿ ಬೇರೆ ಬೇರೆಯಾಗಿ ಬೆಳೆಯತೊಡಗುತ್ತದೆ. ಅವುಗಳನ್ನು ಮತ್ತೆ ಒಂದುಗೂಡಿಸುವ ಸಾಧನವೇ ಇಲ್ಲ, ಒಂದು ಕಡೆಯ ಬರವಣಿಗೆಯನ್ನು ಬಿಟ್ಟುಕೊಡಲೇಬೇಕಾಗುತ್ತದೆ.

ಇದನ್ನು ತಡೆಯುವುದೇ ಡೇಟಾಸೆಂಟರ್ ಆ್ಯಕ್ಟಿವೇಶನ್ ಕೋಆರ್ಡಿನೇಶನ್, ಅಂದರೆ ಡ್ಯಾಕ್ ಮೋಡ್. ಇದು ಚಾಲೂ ಇದ್ದಾಗ ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿ ಒಂದು ಬಿಟ್ ಇಟ್ಟುಕೊಳ್ಳುತ್ತದೆ, ಎದ್ದಾಗ ಅದು 0 ಆಗಿರುತ್ತದೆ. ಆ ಬಿಟ್ 1 ಆಗಿರುವ ಬೇರೊಂದು ಸದಸ್ಯ ಸಿಗುವವರೆಗೆ, ಇಲ್ಲವೇ ಚಾಲನೆಯ ಪಟ್ಟಿಯಲ್ಲಿರುವ ಎಲ್ಲ ಸದಸ್ಯರೂ ಕಾಣುವವರೆಗೆ ಅದು ಬಹುಮತವಿದ್ದರೂ ಡೇಟಾಬೇಸ್ ತೆರೆಯುವುದಿಲ್ಲ. ಸೆಟ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶದಲ್ಲಿ ಡೇಟಾಸೆಂಟರ್‌ಆ್ಯಕ್ಟಿವೇಶನ್‌ಮೋಡ್ ಎಂಬುದಕ್ಕೆ ಡ್ಯಾಗ್‌ಓನ್ಲಿ ಎಂದು ಕೊಟ್ಟರೆ ಕೆಲಸ ಮುಗಿಯಿತು. ಹೊಸ ಡ್ಯಾಗ್‌ನಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಈ ಬರಹದಲ್ಲಿ ಒಂದೇ ಒಂದು ಸಾಲನ್ನು ಇಂದೇ ಜಾರಿ ಮಾಡಬೇಕೆಂದರೆ ಅದು ಇದು.

ಆರನೆಯ ಹೆಜ್ಜೆ: ಮೇಲ್ ಬರುವ ಮತ್ತು ಹೋಗುವ ದಾರಿ

ಡೇಟಾಬೇಸ್ ಪುಣೆಯಲ್ಲಿ ತೆರೆದರೂ ಬಳಕೆದಾರರ ಔಟ್‌ಲುಕ್ ಮುಂಬೈಯ ವಿಳಾಸವನ್ನೇ ಹುಡುಕುತ್ತಿದ್ದರೆ ಪ್ರಯೋಜನವಿಲ್ಲ. ಮೇಲ್ ಮತ್ತು ಆಟೊಡಿಸ್ಕವರ್ (ಔಟ್‌ಲುಕ್ ತನ್ನ ಸರ್ವರನ್ನು ಹುಡುಕಿಕೊಳ್ಳುವ) ಹೆಸರುಗಳ ಡಿಎನ್ಎಸ್ ಟಿಟಿಎಲ್, ಅಂದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡ್ ಇರಲಿ. ನಾಲ್ಕೂ ಸರ್ವರ್‌ಗಳಲ್ಲಿ ಒಂದೇ ಸರ್ಟಿಫಿಕೇಟ್ ಇರಲಿ. ಲೋಡ್ ಬ್ಯಾಲೆನ್ಸರ್ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡದೆ, ಪ್ರತಿ ಪ್ರೋಟೊಕಾಲ್‌ಗೂ ಎಕ್ಸ್‌ಚೇಂಜ್ ಕೊಡುವ ಹೆಲ್ತ್‌ಚೆಕ್ ಪುಟವನ್ನು ಕೇಳುವಂತಿರಲಿ.

ಹೊರಗಿನಿಂದ ಬರುವ ಮೇಲ್‌ಗೆ ಎರಡು ಎಂಎಕ್ಸ್ ದಾಖಲೆ (ಮೇಲನ್ನು ಯಾವ ಸರ್ವರ್‌ಗೆ ಕಳಿಸಬೇಕೆಂದು ಹೇಳುವ ಡಿಎನ್ಎಸ್ ದಾಖಲೆ) ಬೇಕು, ಮುಂಬೈಗೆ ಚಿಕ್ಕ ಸಂಖ್ಯೆ, ಪುಣೆಗೆ ದೊಡ್ಡದು. ಹೊರಹೋಗುವ ಮೇಲ್‌ನ ವಿಷಯ ಮಾತ್ರ ಮರೆತುಹೋಗುವುದು ಹೆಚ್ಚು: ಪುಣೆಯ ಸಾರ್ವಜನಿಕ ಐಪಿ ವಿಳಾಸ ಎಸ್‌ಪಿಎಫ್ ದಾಖಲೆಯಲ್ಲಿ (ಸಂಸ್ಥೆಯ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ವಿಳಾಸಗಳ ಪಟ್ಟಿಯಲ್ಲಿ) ಇಲ್ಲದಿದ್ದರೆ, ಅದಕ್ಕೆ ರಿವರ್ಸ್ ಡಿಎನ್ಎಸ್ (ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಇಲ್ಲದಿದ್ದರೆ, ಫೇಲ್‌ಓವರ್ ಆದ ಮೇಲೆ ಸಂಸ್ಥೆಯ ಪತ್ರಗಳು ಗ್ರಾಹಕರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತವೆ, ಇಲ್ಲವೇ ತಿರಸ್ಕೃತವಾಗುತ್ತವೆ. ಮೇಲನ್ನು ಹೊರಗೆ ಕಳಿಸುವ ಸೆಂಡ್ ಕನೆಕ್ಟರ್‌ನಲ್ಲಿ ಎರಡೂ ಊರಿನ ಸರ್ವರ್‌ಗಳು ಇರಬೇಕು.

ಏಳನೆಯ ಹೆಜ್ಜೆ: ಡ್ರಿಲ್

ಜೂನ್‌ಗೆ ಮುಂಚೆ, ಮಳೆ ಹಿಡಿಯುವ ಮೊದಲು ಒಂದು ಸಲ ಪೂರ್ಣ ಡ್ರಿಲ್ ಆಗಬೇಕು. ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ: ಮೊದಲು ಒಂದೇ ಡೇಟಾಬೇಸ್, ಆಮೇಲೆ ಒಂದು ಸರ್ವರ್, ಆಮೇಲೆ ಲಿಂಕ್, ಕೊನೆಗೆ ಇಡೀ ಸೈಟ್.

ಆರಂಭದಲ್ಲಿ ನಾಲ್ಕೂ ಸರ್ವರ್‌ಗಳಲ್ಲಿ ಟೆಸ್ಟ್-ರೆಪ್ಲಿಕೇಶನ್‌ಹೆಲ್ತ್ ಓಡಿಸಿ, ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್‌ಕಾಪಿಸ್ಟೇಟಸ್‌ನಲ್ಲಿ ಸಕ್ರಿಯ ಪ್ರತಿ ಮೌಂಟೆಡ್ ಎಂದೂ ಉಳಿದವು ಹೆಲ್ತಿ ಎಂದೂ ತೋರಿಸುತ್ತಿವೆಯೇ ನೋಡಿ. ನಂತರ ಮೂವ್-ಆ್ಯಕ್ಟಿವ್‌ಮೇಲ್‌ಬಾಕ್ಸ್‌ಡೇಟಾಬೇಸ್ ಆದೇಶದಿಂದ ಪುಣೆಗೆ ಸಾಗಿಸಿ. ಈ ಹೊತ್ತಿನಲ್ಲಿ ಸಂಖ್ಯೆಗಳನ್ನು ಓದಿ ಹೇಳುವವರು ಪುಣೆಯಲ್ಲಿ ಕೂತಿರಬೇಕು, ಏಕೆಂದರೆ ನಿಜವಾದ ಅವಘಡದ ದಿನ ಎಲ್ಲವನ್ನೂ ಅವರೇ ಮಾಡಬೇಕಾಗುತ್ತದೆ. ನಮ್ಮ ಡ್ರಿಲ್‌ಗಳಲ್ಲಿ ಪುಣೆಯ ಕೆಲಸ ನೋಡಿಕೊಳ್ಳುವವರು ಧಾರವಾಡದ ಕಡೆಯ ಸಹೋದ್ಯೋಗಿ. ಶನಿವಾರ ರಾತ್ರಿ ಫೋನಿನಲ್ಲಿ ಅವರು, "ಸರ್, ಐದನೇದ್ದರ ಕಾಪಿ ಕ್ಯೂ ಇನ್ನೂ ನಲವತ್ತರ ಮ್ಯಾಲೇ ಐತ್ರಿ, ಸ್ವಲ್ಪ ತಡೀರಿ" ಎನ್ನುತ್ತಾರೆ. "ಆಗಲಿ ಮೇಡಂ, ಸೊನ್ನೆಗೆ ಬಂದ ಮೇಲೆ ನೀವೇ ಮೂವ್ ಮಾಡಿ" ಎಂದು ನಾನು ಕಾಯುತ್ತೇನೆ. ಆ ಒಂದು ಡೇಟಾಬೇಸ್‌ನ ಕ್ಯೂ ಮಾತ್ರ ನಿಧಾನವಾಗಿ ಇಳಿಯುತ್ತಿದ್ದರೆ ಅದೇ ಹೊತ್ತಿಗೆ ಬ್ಯಾಕಪ್ ಓಡುತ್ತಿದೆಯೇ, ಯಾರಾದರೂ ಮೇಲ್‌ಬಾಕ್ಸ್‌ಗಳನ್ನು ಅದಕ್ಕೆ ವರ್ಗಾಯಿಸುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು.

ಸರ್ವರ್ ಪರೀಕ್ಷೆಗೆ ಒಂದು ಸರ್ವರ್‌ನ ವಿದ್ಯುತ್ತನ್ನೇ ತೆಗೆಯಿರಿ, ಶಟ್‌ಡೌನ್ ಬೇಡ, ಏಕೆಂದರೆ ಶಿಸ್ತಾಗಿ ಮಲಗುವ ಸರ್ವರ್ ಕೊನೆಯ ಲಾಗ್‌ಗಳನ್ನು ಕೊಟ್ಟೇ ಮಲಗುತ್ತದೆ. ಲಿಂಕ್ ಪರೀಕ್ಷೆಯಲ್ಲಿ ರೌಟರ್‌ನ ಪೋರ್ಟ್ ಮುಚ್ಚಿ, ಪುಣೆಯ ಕಡೆ ಯಾವುದೂ ತೆರೆದುಕೊಳ್ಳಲಿಲ್ಲ ಎಂಬುದನ್ನು ದಾಖಲಿಸಿ. ವಿಂಡೋಸ್ ಸರ್ವರ್ 2016ರಿಂದೀಚೆಗೆ ಬೇರೆ ಸಬ್‌ನೆಟ್‌ನ ಸದಸ್ಯ ಸುಮಾರು 20 ಸೆಕೆಂಡ್ ಕಾಣದಿದ್ದರೆ ಮಾತ್ರ ಕ್ಲಸ್ಟರ್ ಅದನ್ನು ಬಿದ್ದಂತೆ ಎಣಿಸುತ್ತದೆ, ಆದ್ದರಿಂದ ಎರಡು ನಿಮಿಷವಾದರೂ ಮುಚ್ಚಿಡಿ.

ಎಂಟನೆಯ ಹೆಜ್ಜೆ: ಇಡೀ ಸೈಟ್ ಹೋದಾಗ, ಮತ್ತು ಮರಳುವಾಗ

ವಿಟ್ನೆಸ್ ಮುಂಬೈಯಲ್ಲಿದ್ದು ಮುಂಬೈ ಹೋಗಿದ್ದರೆ ಪುಣೆಯಲ್ಲಿ ಮಾಡಬೇಕಾದದ್ದು ಈ ಕ್ರಮದಲ್ಲಿ. ಮೊದಲು ಸ್ಟಾಪ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶವನ್ನು ಮುಂಬೈ ಸೈಟ್‌ನ ಹೆಸರಿನಲ್ಲಿ, ಕಾನ್ಫಿಗರೇಶನ್‌ಓನ್ಲಿ ಆಯ್ಕೆಯೊಂದಿಗೆ ಕೊಡಿ. ಇದರಿಂದ ಮುಂಬೈಯ ಸರ್ವರ್‌ಗಳು ನಿಂತಿವೆಯೆಂದು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ದಾಖಲಾಗುತ್ತದೆ. ಎರಡನೆಯದಾಗಿ ಪುಣೆಯ ಎರಡೂ ಸರ್ವರ್‌ಗಳಲ್ಲಿ ಕ್ಲಸ್ಟರ್ ಸೇವೆಯನ್ನು ನಿಲ್ಲಿಸಿ. ಮೂರನೆಯದಾಗಿ ರಿಸ್ಟೋರ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶವನ್ನು ಪುಣೆ ಸೈಟ್‌ಗೆ, ಪುಣೆಯಲ್ಲಿ ಮೊದಲೇ ಸಿದ್ಧಪಡಿಸಿಟ್ಟ ಪರ್ಯಾಯ ವಿಟ್ನೆಸ್‌ನ ಹೆಸರಿನೊಂದಿಗೆ ಕೊಡಿ. ಈಗ ಮುಂಬೈಯ ಸದಸ್ಯರು ಕ್ಲಸ್ಟರ್‌ನಿಂದ ಹೊರಬಿದ್ದು, ಪುಣೆಯ ಎರಡು ಸರ್ವರ್ ಮತ್ತು ಪರ್ಯಾಯ ವಿಟ್ನೆಸ್ ಸೇರಿ ಬಹುಮತ ಕೂಡುತ್ತದೆ, ಡೇಟಾಬೇಸ್‌ಗಳು ಮೌಂಟ್ ಆಗುತ್ತವೆ. ಕೂಡಲೇ ಡಿಎನ್ಎಸ್ ಬದಲಿಸಿ. ಮುಂಬೈ ಸತ್ತಿಲ್ಲ, ಲಿಂಕ್ ಮಾತ್ರ ಹೋಗಿದೆ ಎಂಬ ಅನುಮಾನ ಎಳ್ಳಷ್ಟಿದ್ದರೂ ಈ ಆದೇಶಗಳನ್ನು ಕೊಡುವ ಮುನ್ನ ಐರೋಲಿಯ ಡೇಟಾಸೆಂಟರ್‌ಗೆ ಫೋನ್ ಮಾಡಿ, ಸರ್ವರ್‌ಗಳನ್ನು ಕಣ್ಣಾರೆ ನೋಡಿ ಹೇಳುವವರ ಮಾತು ಕೇಳಿ.

ಮರಳುವ ಕೆಲಸಕ್ಕೆ ಅವಸರ ಬೇಡ. ಮುಂಬೈಯ ಕರೆಂಟು, ಲಿಂಕ್, ಡೊಮೈನ್ ಕಂಟ್ರೋಲರ್‌ಗಳು ಒಂದು ದಿನವಾದರೂ ಸ್ಥಿರವಾಗಿ ನಿಂತ ಮೇಲೆ ಸ್ಟಾರ್ಟ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶದಿಂದ ಅಲ್ಲಿನ ಸರ್ವರ್‌ಗಳನ್ನು ಮತ್ತೆ ಸೇರಿಸಿ, ಸೆಟ್-ಡೇಟಾಬೇಸ್‌ಅವೈಲೆಬಿಲಿಟಿಗ್ರೂಪ್ ಆದೇಶದಿಂದ ವಿಟ್ನೆಸ್ಸನ್ನು ಮುಂಬೈಗೆ ತನ್ನಿ. ಹಳೆಯ ಪ್ರತಿಗಳು ತಾವಾಗಿ ಹೊಂದಿಕೊಳ್ಳಲು ಯತ್ನಿಸುತ್ತವೆ. ಫೇಲ್ಡ್ ಅಂಡ್ ಸಸ್ಪೆಂಡೆಡ್ ಎಂದು ನಿಂತವನ್ನು ಮಾತ್ರ ಹೊಸದಾಗಿ ಸೀಡ್ ಮಾಡಿ, ಅದಕ್ಕೆ ಮತ್ತೆ ಡೇಟಾಬೇಸ್‌ಗೊಂದು ರಾತ್ರಿ ಬೇಕಾದೀತು. ಮುಂಬೈಯ ಎಲ್ಲ ಪ್ರತಿಗಳೂ ಹೆಲ್ತಿ ಆಗಿ ಕ್ಯೂಗಳು ಸೊನ್ನೆಯ ಹತ್ತಿರ ಬಂದ ಮೇಲೆ, ಕಚೇರಿ ಸಮಯ ಮುಗಿದ ನಂತರ ಡೇಟಾಬೇಸ್‌ಗಳನ್ನು ಒಂದೊಂದಾಗಿ ಸಾಗಿಸಿ, ಕೊನೆಯಲ್ಲಿ ಡಿಎನ್ಎಸ್ ಮರಳಿಸಿ. ಪುಣೆಯ ಹಿಂದುಳಿದ ಪ್ರತಿಯ ತಡೆಯನ್ನು ಈ ನಡುವೆ ತೆಗೆದಿದ್ದರೆ ಅದನ್ನು ಮತ್ತೆ ಹಾಕಿ, ಪರ್ಯಾಯ ವಿಟ್ನೆಸ್‌ನ ಫೋಲ್ಡರ್ ಸಿದ್ಧವಿದೆಯೇ ನೋಡಿ, ಅದೇ ರಾತ್ರಿ ಐದೂ ಡೇಟಾಬೇಸ್‌ಗಳ ಪೂರ್ಣ ಬ್ಯಾಕಪ್ ತೆಗೆಯಿರಿ.